ಗುಡ್ಡೆ ಹತ್ತುವಾಗ ಎಷ್ಟು ಸಲ ನಿಂತೆ? ದಪ್ಪಗಿರುವ ಹದಿಹರೆಯದ ಮಕ್ಕಳ ವ್ಯಾಯಾಮಕ್ಕೆ ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ಒಳನಾಡಿನಲ್ಲಿ ಎಷ್ಟೋ ಶಾಲೆಗಳು ಗುಡ್ಡೆಯ ಮೇಲಿವೆ. ಬದಿಯಡ್ಕದ ಹತ್ತಿರ ನಾನು ಕಲಿಸುವ ಶಾಲೆಯೂ ಹಾಗೆಯೇ. ಬಸ್ಸು ಕೆಳಗೆ ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುರಕಲ್ಲಿನ ಮೆಟ್ಟಿಲು, ಆಮೇಲೆ ಏರುದಾರಿ. ನಾನು ಪಿಟಿ ಮಾಸ್ಟ್ರು. 20 ವರ್ಷದಿಂದ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಮಕ್ಕಳು ಹತ್ತಿ ಬರುವುದನ್ನು ನೋಡುತ್ತಿದ್ದೇನೆ. ಅರ್ಧ ದಾರಿಯಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಏದುಸಿರು ಬಿಡುವ ಮಕ್ಕಳು ನಮ್ಮಲ್ಲಿ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದಾರೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ದಪ್ಪಗಿರುವ ಮಕ್ಕಳನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಮೈದಾನಕ್ಕೆ ಎರಡು ಸುತ್ತು ಜಾಸ್ತಿ ಓಡಿಸುತ್ತಿದ್ದೆ. ಅವರಿಗೆ ಒಳ್ಳೆಯದಾಗಲಿ ಎಂದೇ ಓಡಿಸಿದ್ದು. ಒಬ್ಬ ಹುಡುಗ ಪಿಟಿ ಇರುವ ದಿನ ಶಾಲೆಗೇ ಬರುವುದನ್ನು ಬಿಟ್ಟ. ವಾರಕ್ಕೆ ಎರಡು ದಿನ ಹೊಟ್ಟೆನೋವು. ಅವನ ಅಮ್ಮ ಬಂದು ಹೇಳುವವರೆಗೆ ನನಗೆ ಕಾರಣ ಗೊತ್ತಾಗಲಿಲ್ಲ. ಓಟ ಅಂದರೆ ಶಿಕ್ಷೆ ಎಂದು ಅವನಿಗೆ ಕಲಿಸಿದವನು ನಾನೇ. ಆ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ನನ್ನ ಅಕ್ಕನ ಮಗ 8ನೇ ಕ್ಲಾಸಿಗೆ ಬಂದ. ಅವನೂ ದಪ್ಪ. ಅವನ ಜೊತೆ ನಡೆದು, ತಪ್ಪಿ, ತಿದ್ದಿಕೊಂಡು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. 12ರಿಂದ 18 ವರ್ಷದೊಳಗಿನ ಮಕ್ಕಳ ಅಪ್ಪ ಅಮ್ಮನಿಗೆ, ಮಾವ ಅತ್ತೆಯರಿಗೆ, ನನ್ನ ಹಾಗಿನ ಮಾಸ್ಟ್ರುಗಳಿಗೆ ಇದು.

ಮೊದಲು ಮನೆಯವರ ಬಾಯಿ

ವ್ಯಾಯಾಮಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಮನೆಯಲ್ಲಿ ಇವತ್ತಿನಿಂದ ಯಾರೂ ಮಗುವಿನ ಮೈಯ ಬಗ್ಗೆ ಮಾತಾಡಬಾರದು. ಡುಮ್ಮ, ಡುಮ್ಮಿ, ಆನೆಮರಿ ಎಲ್ಲ ನಿಲ್ಲಬೇಕು. ಪ್ರೀತಿಯಿಂದ ಕರೆಯುವುದೂ ಬೇಡ. ಶಾಲೆಯಲ್ಲಿ, ಬಸ್ಸಿನಲ್ಲಿ 'ತಡಿಯನ್' (ಡುಮ್ಮ) ಎಂದು ಮಲಯಾಳದಲ್ಲೂ ಕೇಳಿಯೇ ಬಂದಿರುತ್ತಾರೆ. ಮನೆಯಲ್ಲೂ ಅದೇ ಆದರೆ ಅವರು ಹೋಗುವುದೆಲ್ಲಿಗೆ?

ಮದುವೆ, ಪೂಜೆ, ತಂಬಿಲ ಅಂತ ನಾಲ್ಕು ಜನ ಸೇರಿದಲ್ಲಿ ಯಾರಾದರೂ "ಇದೆಂಥ ಮಾರಾಯ, ಹೀಗೆ ಊದಿದ್ದೀಯಲ್ಲ" ಎನ್ನುವುದು ಖಂಡಿತ. ಆಗ ನಗಬೇಡಿ. "ಅವನು ಈಗ ಚೆಂದ ನಡೆಯುತ್ತಾನೆ, ಮೊನ್ನೆ ನನ್ನ ಜೊತೆ ಗುಡ್ಡೆ ಹತ್ತಿದ" ಎಂದು ಅವನ ಎದುರೇ ಹೇಳಿ. ಅಪ್ಪನೋ ಅಮ್ಮನೋ ತನ್ನ ಪರ ನಿಂತದ್ದನ್ನು ಮಕ್ಕಳು ಮರೆಯುವುದಿಲ್ಲ.

ಮಾತು ಶುರು ಮಾಡುವಾಗಲೂ ತೂಕದಿಂದ ಶುರು ಮಾಡಬೇಡಿ. ನಾನು ಅಳಿಯನಿಗೆ ಕೇಳಿದ್ದು ಹೀಗೆ: "ಶಾಲೆಗೆ ಹತ್ತುವಾಗ ಎಷ್ಟು ಸಲ ನಿಲ್ತೀಯಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ಸಲ, ಮಾವ" ಅಂದ. "ಅದನ್ನು ನಾಲ್ಕು ಮಾಡುವಾ?" ಅಂದೆ. ನಮ್ಮ ಒಪ್ಪಂದ ಅಷ್ಟೇ. ಕಿಲೋ ಲೆಕ್ಕ ನಮ್ಮ ನಡುವೆ ಬರಲೇ ಇಲ್ಲ. ನಿಮ್ಮ ಮಗುವಿಗೂ ಇಂಥ ಒಂದು ಗುರಿ ಹುಡುಕಿ. ದೇವಸ್ಥಾನದ ಮೆಟ್ಟಿಲಿರಬಹುದು, ತೋಟದಿಂದ ಮನೆಗೆ ಏರುವ ದಾರಿ ಇರಬಹುದು. ದಿನಾ ಕಾಲಿಡುವ ಜಾಗವೇ ಆಗಲಿ.

ಡಾಕ್ಟರರ ಹತ್ತಿರ ಒಮ್ಮೆ ಹೋಗಿ ಬನ್ನಿ

ಇದನ್ನು ತಪ್ಪಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಶುರು ಮಾಡಬಹುದು. ಎತ್ತರ, ತೂಕ, ಬಿಪಿ ನೋಡುತ್ತಾರೆ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. ದೊಡ್ಡವರ ಲೆಕ್ಕವನ್ನು ಮಕ್ಕಳಿಗೆ ಹಾಕಬಾರದು. ಬೆಳೆಯುವ ಮಕ್ಕಳಿಗೆ ವಯಸ್ಸಿಗೆ, ಹುಡುಗ ಹುಡುಗಿಗೆ ಬೇರೆ ಬೇರೆ ಚಾರ್ಟ್ ಇದೆ. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ 5ರಿಂದ 18 ವರ್ಷದವರೆಗಿನ ಚಾರ್ಟ್ ಕೊಟ್ಟಿದೆ. ಡಾಕ್ಟರರು ಅದರಲ್ಲಿ ಗುರುತು ಹಾಕಿ ಹೇಳಲಿ. ಫೋನಿನ ಆ್ಯಪ್ ನೋಡಿ ನೀವೇ ತೀರ್ಮಾನ ಮಾಡಬೇಡಿ.

ಡಾಕ್ಟರರಿಗೆ ಹೇಳಲೇಬೇಕಾದ ಕೆಲವು ವಿಷಯಗಳಿವೆ.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ? ಎಷ್ಟೋ ಅಮ್ಮಂದಿರು ಅದು ಕೊಳೆ ಎಂದು ತೆಂಗಿನ ನಾರಿನಿಂದ ತಿಕ್ಕುತ್ತಾರೆ. ಪಾಪ, ಮಗುವಿಗೆ ಉರಿ, ಬೈಗುಳ ಎರಡೂ. ಅದು ಕೊಳೆ ಅಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವುದರ ಗುರುತು ಆಗಿರಬಹುದು. ಸಕ್ಕರೆ ಪರೀಕ್ಷೆ ಮಾಡಿಸಿ. ವ್ಯಾಯಾಮದಿಂದ ಹೆಚ್ಚು ಲಾಭ ಆಗುವುದೇ ಇಂಥ ಮಕ್ಕಳಿಗೆ. ಮಾಂಸಖಂಡ ಕೆಲಸ ಮಾಡಿದಾಗ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ.

ಕುಂಟುತ್ತಾ ನಡೆಯುತ್ತಾನಾ? ಸೊಂಟದ ಸಂದು, ತೊಡೆ ಅಥವಾ ಮೊಣಕಾಲು ನೋವಿದೆಯಾ? ಇದನ್ನು ದಪ್ಪಗಿದ್ದದ್ದಕ್ಕೆ ನೋವು ಎಂದು ಬಿಡಬೇಡಿ. ಹದಿಹರೆಯದಲ್ಲಿ ತೊಡೆಮೂಳೆಯ ತುದಿ ಬೆಳೆಯುವ ಜಾಗದಲ್ಲಿ ಜಾರುವ ಒಂದು ತೊಂದರೆ ಇದೆ. ಭಾರ ಜಾಸ್ತಿ ಇರುವ ಮಕ್ಕಳಲ್ಲಿ ಅದು ಹೆಚ್ಚು. ನೋವು ಎಷ್ಟೋ ಸಲ ಮೊಣಕಾಲಿನಲ್ಲಿ ಕಾಣಿಸುತ್ತದೆ, ತೊಂದರೆ ಸೊಂಟದಲ್ಲಿರುತ್ತದೆ. ಎಣ್ಣೆ ತಿಕ್ಕಿ ಕಾಯಬೇಡಿ. ಆ ಕಾಲಿನ ಮೇಲೆ ಭಾರ ಹಾಕಿಸದೆ, ಅವತ್ತೇ ಮೂಳೆ ಡಾಕ್ಟರರಿಗೆ ತೋರಿಸಿ.

ರಾತ್ರಿ ಜೋರಾಗಿ ಗೊರಕೆ, ನಡುವೆ ಉಸಿರು ಕಟ್ಟಿದ ಹಾಗೆ ಆಗುವುದು, ಹಗಲು ಕ್ಲಾಸಿನಲ್ಲಿ ತೂಕಡಿಕೆ ಇದ್ದರೆ ಅದನ್ನೂ ಹೇಳಿ. ದಮ್ಮು ಇದ್ದರೆ ಇನ್‌ಹೇಲರ್ ಯಾವಾಗ ತೆಗೆದುಕೊಳ್ಳಬೇಕು ಎಂದು ಕೇಳಿಕೊಳ್ಳಿ. ದಮ್ಮು ಇರುವ ಮಕ್ಕಳು ವ್ಯಾಯಾಮ ಮಾಡಬಾರದು ಎಂದೇನಿಲ್ಲ. ಓಡುವಾಗ ಎದೆನೋವು, ತಲೆ ತಿರುಗಿ ಬೀಳುವುದು ಆಗಿದ್ದರೆ, ಅಥವಾ ಮನೆತನದಲ್ಲಿ ಸಣ್ಣ ವಯಸ್ಸಿನವರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಹೃದಯದ ಪರೀಕ್ಷೆ ಆದ ಮೇಲೆಯೇ ಶುರು ಮಾಡಿ.

"ಥೈರಾಯ್ಡ್ ಇರಬೇಕು" ಎಂದು ಎಲ್ಲರೂ ಹೇಳುತ್ತಾರೆ. ಅಂಥ ಗ್ರಂಥಿಗಳ ತೊಂದರೆಯಿಂದ ದಪ್ಪವಾಗುವ ಮಕ್ಕಳು ಬಹಳ ಕಡಿಮೆ. ಅವರು ಸಾಮಾನ್ಯವಾಗಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರುವುದಿಲ್ಲ. ಎತ್ತರ ಸರಿಯಾಗಿ ಬೆಳೆಯುತ್ತಿದ್ದರೆ ಆ ಚಿಂತೆ ಅಷ್ಟು ಬೇಡ.

ತೂಕ ಇಳಿಯದಿದ್ದರೂ ಗೆದ್ದ ಹಾಗೆಯೇ

ಇದು ಹೆತ್ತವರಿಗೆ ಅರ್ಥವಾದರೆ ಅರ್ಧ ಕೆಲಸ ಆದ ಹಾಗೆ. ಒಂದು ಲೆಕ್ಕ ಹೇಳುತ್ತೇನೆ. 150 ಸೆಂಟಿಮೀಟರ್ ಎತ್ತರದ ಹುಡುಗ 60 ಕಿಲೋ ಇದ್ದರೆ ಬಿಎಂಐ ಸುಮಾರು 26.7. ಅವನು 160 ಸೆಂಟಿಮೀಟರ್ ಆಗುವವರೆಗೆ ಅದೇ 60 ಕಿಲೋದಲ್ಲಿ ನಿಂತರೆ ಅದು 23.4. ಒಂದು ಕಿಲೋ ಕೂಡ ಇಳಿಯಲಿಲ್ಲ, ಆದರೂ ಮಗು ಎಷ್ಟು ಬದಲಾದ! ಬೆಳೆಯುವ ಮಕ್ಕಳಲ್ಲಿ ಎಷ್ಟೋ ಸಲ ತೂಕ ನಿಂತರೆ ಸಾಕು. ತುಂಬಾ ಜಾಸ್ತಿ ಇರುವವರಿಗೆ ಎಷ್ಟು ಇಳಿಸಬೇಕು ಎನ್ನುವುದನ್ನು ಡಾಕ್ಟರರು ಹೇಳಲಿ.

ಬರೀ ವ್ಯಾಯಾಮದಿಂದ ತೂಕ ಇಳಿಯುವುದೂ ಸ್ವಲ್ಪವೇ. ಆದರೆ ಅದರಿಂದ ಬಿಪಿ ಸುಧಾರಿಸುತ್ತದೆ. ಇನ್ಸುಲಿನ್ ಕೆಲಸ ಸುಧಾರಿಸುತ್ತದೆ. ನಿದ್ದೆ ಒಳ್ಳೆಯದಾಗುತ್ತದೆ, ಮನಸ್ಸು ಹಗುರ ಆಗುತ್ತದೆ. ತೂಕದ ಮಿಷನ್ನಿನ ಮೇಲೆ ವಾರ ವಾರ ಹತ್ತಿಸಿದರೆ ಇದೊಂದೂ ಕಾಣುವುದಿಲ್ಲ. ಅದು ಅಲ್ಲೇ ನಿಂತಿದೆ ಎಂದು ಮಗು ಬೇಸರದಿಂದ ಎಲ್ಲ ಬಿಟ್ಟುಬಿಡುತ್ತದೆ. ಮೂರು ತಿಂಗಳಿಗೆ ಒಮ್ಮೆ ನೋಡಿದರೆ ಸಾಕು.

ತೊಡೆ ಉಜ್ಜುವ ಹುಣ್ಣು, ಚಪ್ಪಲಿ, ಬಟ್ಟೆ

ನನ್ನ ಅಳಿಯ ಮೂರನೇ ದಿನಕ್ಕೇ "ಇವತ್ತು ಬೇಡ ಮಾವ" ಅಂದ. ನಾಲ್ಕನೇ ದಿನವೂ ಬೇಡ. ಸೋಮಾರಿತನ ಎಂದುಕೊಂಡು ಸ್ವಲ್ಪ ಗದರಿದೆ. ಅಕ್ಕ ಬಟ್ಟೆ ಒಗೆಯುವಾಗ ಒಳಚಡ್ಡಿಯಲ್ಲಿ ರಕ್ತದ ಕಲೆ ನೋಡಿ ಫೋನ್ ಮಾಡಿದಳು. ಎರಡೂ ತೊಡೆಯ ಒಳಭಾಗ ಉಜ್ಜಿ ಚರ್ಮ ಕಿತ್ತು ಬಂದಿತ್ತು. ನಾಚಿಕೆಯಿಂದ ಅವನು ಹೇಳಲೇ ಇಲ್ಲ.

ದಪ್ಪಗಿರುವ ಮಕ್ಕಳು ನಡೆಯಲು ಒಪ್ಪದ ಹಿಂದೆ ಇಂಥ ಕಾರಣಗಳು ಬಹಳ ಇರುತ್ತವೆ. ಕೇಳಿದರೆ ಹೇಳುವುದಿಲ್ಲ. ಆದ್ದರಿಂದ ಕೇಳದೆಯೇ ತಯಾರಿ ಮಾಡಿ. ಮೊಣಕಾಲಿನ ಹತ್ತಿರದವರೆಗೆ ಬರುವ, ಮೈಗೆ ಅಂಟುವ ಚಡ್ಡಿಯನ್ನು ಪ್ಯಾಂಟಿನ ಒಳಗೆ ಹಾಕಲಿ. ಹೊರಡುವ ಮುಂಚೆ ತೊಡೆಗೆ ವ್ಯಾಸಲೀನ್ ಹಚ್ಚಲಿ. ಬಂದ ಮೇಲೆ ಸ್ನಾನ ಮಾಡಿ, ಮಡಿಕೆಗಳನ್ನು ಚೆನ್ನಾಗಿ ಒರೆಸಿ ಒಣಗಿಸಿಕೊಳ್ಳಲಿ. ನಮ್ಮ ಊರಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆ ಹಸಿ ಒಳಉಡುಪು ಹಾಕಿದರೆ ತುರಿಕಜ್ಜಿ ಖಂಡಿತ. ಒಲೆಯ ಹತ್ತಿರ ಒಣಗಿಸಿಯಾದರೂ ಒಣಗಿದ್ದನ್ನೇ ಕೊಡಿ.

ಹವಾಯಿ ಚಪ್ಪಲಿಯಲ್ಲಿ ಉದ್ದ ನಡೆಸಬೇಡಿ. ಮುರಕಲ್ಲಿನ ಮೆಟ್ಟಿಲು ಜೂನ್ ಆದ ಮೇಲೆ ಪಾಚಿ ಕಟ್ಟಿ ಜಾರುತ್ತದೆ. ಹಿಂಭಾಗ ಗಟ್ಟಿ ಇರುವ, ಅಡಿ ಮೆತ್ತಗಿರುವ ಸಾಧಾರಣ ಶೂ ಸಾಕು. ದುಬಾರಿಯದ್ದು ಬೇಡ.

ಮೊದಲ ಎರಡು ವಾರ: 10 ನಿಮಿಷ, ಸಮತಟ್ಟು ದಾರಿ

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಹೆಚ್ಚಾಗುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಕನಿಷ್ಠ 3 ದಿನ ಮಾಂಸಖಂಡ, ಮೂಳೆ ಗಟ್ಟಿಯಾಗುವ ಕೆಲಸವೂ ಇರಬೇಕು. ಅದು ಮುಟ್ಟಬೇಕಾದ ಜಾಗ. ಮೊದಲ ದಿನವೇ 60 ನಿಮಿಷ ಎಳೆದಾಡಿಸಿದರೆ ಎರಡನೇ ದಿನ ಮಗು ಬರುವುದಿಲ್ಲ.

ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ. ವಾರಕ್ಕೆ 5 ದಿನ. ನಡಿಗೆ ಮಾತ್ರ. ನೀವೂ ಜೊತೆಗೆ ನಡೆಯಬೇಕು. ಇದು ಬಹಳ ಮುಖ್ಯ. ಜಗಲಿಯಲ್ಲಿ ಕೂತು "ಹೋಗಿ ನಡೆದು ಬಾ" ಎಂದರೆ ಆಗುವುದಿಲ್ಲ. ನಡೆಯುವಾಗ ಉಪದೇಶ ಬೇಡ, ಪರೀಕ್ಷೆಯ ಮಾರ್ಕಿನ ಮಾತೂ ಬೇಡ. ಫುಟ್‌ಬಾಲ್ ಬಗ್ಗೆ, ಸಿನಿಮಾ ಬಗ್ಗೆ ಅವನು ಹೇಳುವುದನ್ನು ಕೇಳಿ. ಆ 10 ನಿಮಿಷದಲ್ಲಿ ನನ್ನ ಅಳಿಯ ನನಗೆ ಹೇಳಿದಷ್ಟು ಮಾತು ಮೊದಲ 13 ವರ್ಷದಲ್ಲಿ ಹೇಳಿರಲಿಲ್ಲ.

ದಾರಿ ಯಾವುದು? ಹೆದ್ದಾರಿ 66ರ ಬದಿ ಬೇಡ. ಹೊಗೆ, ಧೂಳು, ಲಾರಿ. ಒಳರಸ್ತೆ, ಅಡಿಕೆ ತೋಟದ ನಡುವಿನ ದಾರಿ, ಬೇಸಗೆಯಾದರೆ ಗದ್ದೆಯ ಕಟ್ಟಪುಣಿ (ಬದು) ಒಳ್ಳೆಯದು. ತೋಟದೊಳಗೆ ನೆರಳೂ ಇದೆ, ನೋಡುವ ಕಣ್ಣುಗಳೂ ಕಡಿಮೆ. ನಾಲ್ಕು ಜನ ನೋಡುತ್ತಾರೆ ಎಂಬ ಹೆದರಿಕೆ ಈ ಮಕ್ಕಳಿಗೆ ಬೆಟ್ಟದಷ್ಟಿರುತ್ತದೆ. ಸ್ವಲ್ಪ ಧೈರ್ಯ ಬರುವವರೆಗೆ ಜನ ಇಲ್ಲದ ದಾರಿಯನ್ನೇ ಹಿಡಿಯಿರಿ.

ವೇಗ ನೋಡಲು ವಾಚು ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಿದ್ದರೆ ವೇಗ ಸರಿ ಇದೆ. ಆರಾಮವಾಗಿ ಹಾಡುತ್ತಿದ್ದರೆ ಸ್ವಲ್ಪ ಬೇಗ ನಡೆಯಲಿ. ಎರಡು ಮಾತಿಗೇ ಉಸಿರು ಕಟ್ಟಿದರೆ ಜಾಸ್ತಿ ಆಯಿತು.

ಬಲದ ವ್ಯಾಯಾಮ: ಈ ಮಕ್ಕಳು ಗೆಲ್ಲುವ ಜಾಗ

ನನ್ನ ಪ್ರಕಾರ ಹೆಚ್ಚಿನ ಮಾಸ್ಟ್ರುಗಳು ಗಮನಿಸದ ವಿಷಯ ಇದೇ. ದಪ್ಪಗಿರುವ ಮಕ್ಕಳು ಓಟದಲ್ಲಿ ಕೊನೆಗೆ ಬರುತ್ತಾರೆ. ಆದರೆ ದಿನವಿಡೀ ಅಷ್ಟು ಭಾರ ಹೊತ್ತು ನಡೆಯುವುದರಿಂದ ಅವರ ಕಾಲಿನಲ್ಲಿ ಬಲ ಇರುತ್ತದೆ. ಹಗ್ಗಜಗ್ಗಾಟ, ಗುಂಡೆಸೆತದಲ್ಲಿ ನೋಡಿ, ಅವರು ಮುಂದೆ. ತರಗತಿಯಲ್ಲಿ ಮೊದಲ ಸಲ "ಭಲೇ" ಎಂದು ಕೇಳಿಸಿಕೊಂಡ ಮಗು ಮಾರನೇ ದಿನ ತಾನಾಗಿಯೇ ಬರುತ್ತದೆ. ಅದಕ್ಕೇ ಬಲದ ವ್ಯಾಯಾಮವನ್ನು ಮೊದಲ ವಾರದಿಂದಲೇ ಸೇರಿಸಿ. ಶುರುವಿಗೆ ವಾರಕ್ಕೆ 2 ದಿನ, ಆಮೇಲೆ 3 ದಿನ. ನಡುವೆ ಒಂದು ದಿನ ಬಿಡುವು ಇರಲಿ. ಜಿಮ್ ಬೇಡ, ಜಗಲಿ ಸಾಕು.

ಜಗಲಿಯಿಂದ ಏಳುವುದು: ಜಗಲಿಯ ಅಂಚಿನಲ್ಲಿ ಕೂತು, ಕೈ ಎದೆಯ ಮೇಲೆ ಕಟ್ಟಿ, ಎದ್ದು ನಿಲ್ಲಬೇಕು. ನಿಧಾನವಾಗಿ ಕೂರಬೇಕು, ದೊಪ್ಪನೆ ಬೀಳಬಾರದು. ಜಗಲಿ ತೀರಾ ತಗ್ಗಾಗಿದ್ದರೆ ಕುರ್ಚಿಯಿಂದ ಶುರು ಮಾಡಿ. ಮೊಣಕಾಲು ಒಳಗೆ ವಾಲದಂತೆ ನೋಡಿ. 8 ಸಲ ಮಾಡಿ, ಒಂದೆರಡು ನಿಮಿಷ ಸುಧಾರಿಸಿ, ಮತ್ತೆ 8 ಸಲ.

ಗೋಡೆ ದೂಡುವುದು: ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಎರಡೂ ಅಂಗೈ ಗೋಡೆಗೆ ಕೊಟ್ಟು, ಎದೆ ಗೋಡೆಯ ಹತ್ತಿರ ತಂದು ಹಿಂದಕ್ಕೆ ದೂಡುವುದು. ಸುಲಭ ಆದ ಮೇಲೆ ಜಗಲಿಯ ಅಂಚಿಗೆ ಕೈ ಕೊಟ್ಟು ಮಾಡಲಿ. ನೆಲದ ದಂಡ ತಿಂಗಳುಗಳ ಮೇಲಿನ ಮಾತು.

ಸೊಂಟ ಎತ್ತುವುದು: ಚಾಪೆಯಲ್ಲಿ ಅಂಗಾತ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ ಸೊಂಟ ಎತ್ತುವುದು. ಮೂರು ಎಣಿಸಿ ಇಳಿಸುವುದು.

ನೀರು ಹೊರುವುದು: ಎರಡು ಕೈಯಲ್ಲಿ ಎರಡು ಬಕೆಟ್, ಮೊದಲು ಅರ್ಧ ನೀರು. ಬೆನ್ನು ನೆಟ್ಟಗೆ ಇಟ್ಟು ಅಂಗಳದಲ್ಲಿ 20 ಹೆಜ್ಜೆ ಹೋಗಿ ಬರಲಿ. ಬಾವಿ ಇದ್ದರೆ, ಕಟ್ಟೆ ಗಟ್ಟಿ ಇದ್ದರೆ, ನೀರು ಸೇದುವುದೂ ಒಳ್ಳೆಯ ವ್ಯಾಯಾಮ. ಬೆನ್ನು, ತೋಳು, ಕೈಹಿಡಿತ ಎಲ್ಲ ಬರುತ್ತದೆ. ಪಂಪು ಬಂದ ಮೇಲೆ ನಮ್ಮ ಮಕ್ಕಳಿಗೆ ಇದು ತಪ್ಪಿಯೇ ಹೋಗಿದೆ.

ಏಳುವಾಗ, ದೂಡುವಾಗ ಉಸಿರು ಬಿಡಲಿ. ಉಸಿರು ಕಟ್ಟಿ ತಿಣುಕುವುದು ಬೇಡ. ಎರಡು ದಿನ ಮೈಕೈ ನೋವು ಸಹಜ. ಸಂದಿನಲ್ಲಿ ಚುಚ್ಚುವ ನೋವು ಸಹಜವಲ್ಲ, ಅಲ್ಲಿಗೆ ನಿಲ್ಲಿಸಿ. 8 ಸುಲಭ ಆದರೆ 10, 12, 15 ಮಾಡಿ. ಆಮೇಲೆ ಬಕೆಟ್ಟಿನಲ್ಲಿ ನೀರು ಜಾಸ್ತಿ ಮಾಡಿ. ಒಂದು ಮಾತು: ತೋಟದ ಕೆಲಸವನ್ನು ವ್ಯಾಯಾಮ ಎಂದು ಶಿಕ್ಷೆಯ ಹಾಗೆ ಹೇರಬೇಡಿ. ಅಣ್ಣ ಫೋನು ನೋಡುತ್ತಾ ಕೂತಿರುವಾಗ ಇವನೊಬ್ಬನಿಗೆ ಬಾಳೆಗೊನೆ ಹೊರಿಸಿದರೆ ಅವನಿಗೆ ಏನನಿಸಬೇಡ?

3ರಿಂದ 12ನೇ ವಾರ: ಕಂಬದಿಂದ ಕಂಬಕ್ಕೆ

ಮೂರನೇ ವಾರದಲ್ಲಿ ಎರಡು ಹೊತ್ತೂ 15 ನಿಮಿಷ ಮಾಡಿ. ದಾರಿಯಲ್ಲಿ ಒಂದು ಸಣ್ಣ ಏರು ಇರಲಿ. ಐದನೇ ವಾರಕ್ಕೆ 20 ನಿಮಿಷ. ಆಗ ಕಂಬದ ಆಟ ಶುರು ಮಾಡಿ. ಒಂದು ಕರೆಂಟು ಕಂಬದಿಂದ ಮುಂದಿನ ಕಂಬದವರೆಗೆ ಬೇಗ ಬೇಗ ನಡೆಯುವುದು, ಅಲ್ಲಿಂದ ಎರಡು ಕಂಬ ನಿಧಾನ. ಮೊದಲ ದಿನ ಮೂರೇ ಸಲ ಸಾಕು. ಮತ್ತೆ ವಾರಕ್ಕೆ ಒಂದೊಂದು ಸೇರಿಸಿ. ಎಂಟನೇ ವಾರಕ್ಕೆ ನಿಧಾನದ ಕಂಬ ಎರಡರಿಂದ ಒಂದಕ್ಕೆ ಬರಬಹುದು. ಉಸಿರಿನ ಶಕ್ತಿ ಬೆಳೆಯುವುದು ಇಂಥ ಏರಿಳಿತದಲ್ಲಿ. ಓಟ ಇನ್ನೂ ಬೇಡ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಪೆಟ್ಟು ಕಾಲಿಗೆ ಬೀಳುತ್ತದೆ. ಹಗ್ಗ ಹಾರುವುದೂ ಹಾಗೆಯೇ. ಅವನೇ ಓಡಬೇಕು ಎಂದು ಬಯಸಿದರೆ ಮಣ್ಣಿನ ನೆಲದಲ್ಲಿ ಒಂದು ಕಂಬದಷ್ಟು ದೂರ ಓಡಲಿ.

9ನೇ ವಾರದಿಂದ ಆಟ ಸೇರಬೇಕು. ಯಾವ ಆಟ ಎಂದು ಮಗುವೇ ಹೇಳಲಿ. ಅಂಗಳದಲ್ಲಿ ಶಟ್ಲ್ ಎಲ್ಲರಿಗೂ ಆಗುತ್ತದೆ. ಫುಟ್‌ಬಾಲ್ ಇಷ್ಟವಾದರೆ ಮೊದಲು ಗೋಲಿಯಾಗಿ (ಗೋಲ್‌ಕೀಪರ್) ನಿಲ್ಲಿಸುವ ಅಭ್ಯಾಸ ನಮ್ಮಲ್ಲಿದೆ. ದಪ್ಪ ಹುಡುಗ ಎಂದರೆ ಗೋಲಿ. ಹಾಗೆ ಮಾಡಬೇಡಿ. ನಿಂತಲ್ಲೇ ನಿಂತರೆ ವ್ಯಾಯಾಮ ಎಲ್ಲಿ ಬಂತು? ಸಣ್ಣ ಜಾಗದಲ್ಲಿ ನಾಲ್ಕು ನಾಲ್ಕು ಮಂದಿ ಆಡಿದರೆ ಎಲ್ಲರ ಕಾಲಿಗೂ ಚೆಂಡು ಸಿಗುತ್ತದೆ. ಶಾಲೆಯಲ್ಲಿ ತಂಡ ಮಾಡುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುವ ಕ್ರಮವನ್ನೂ ಬಿಡಿ. ಕೊನೆಗೆ ಉಳಿಯುವ ಮಗು ಯಾರು ಎಂದು ನಮಗೆಲ್ಲ ಗೊತ್ತು. ನಾನು ಈಗ ಒಂದು ಎರಡು ಎಣಿಸಿ ತಂಡ ಮಾಡುತ್ತೇನೆ.

ನಮ್ಮ ನಾಡಿನಲ್ಲಿ ಇನ್ನೊಂದು ದಾರಿ ಇದೆ: ಯಕ್ಷಗಾನದ ಹೆಜ್ಜೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ ಇದು. ನಾಟ್ಯ ತರಗತಿ ಊರೂರಲ್ಲಿ ನಡೆಯುತ್ತದೆ. ಕೇರಳದ ಶಾಲಾ ಕಲೋತ್ಸವದಲ್ಲೂ ಯಕ್ಷಗಾನ ಇದೆ. ಚೆಂಡೆ ಮದ್ದಳೆಯ ಪೆಟ್ಟಿಗೆ ಅರ್ಧ ಗಂಟೆ ಹೆಜ್ಜೆ ಹಾಕಿದರೆ ಅಂಗಿ ಬೆವರಿನಲ್ಲಿ ನೆನೆಯುತ್ತದೆ. ಆಟದ ಮೈದಾನಕ್ಕೆ ಹೆದರುವ ಮಗು ರಂಗದಲ್ಲಿ ಅರಳಬಹುದು. ದೊಡ್ಡ ಮೈಗೆ ಬಣ್ಣದ ವೇಷ (ರಾಕ್ಷಸ ಪಾತ್ರ) ಎಷ್ಟು ಚೆಂದ ಒಪ್ಪುತ್ತದೆ ಗೊತ್ತಲ್ವಾ! ಹಾರಿ ಸುತ್ತುವ ದಿಗಿಣ ಮಾತ್ರ ಸದ್ಯ ಬೇಡ. ಗುರುಗಳಿಗೆ ಮೊದಲೇ ಹೇಳಿ, ಮೊಣಕಾಲು ಗಟ್ಟಿಯಾಗುವವರೆಗೆ ಹಾರುವುದನ್ನು ಬಿಟ್ಟು ಕಲಿಸಲಿ.

ಹನ್ನೆರಡನೇ ವಾರಕ್ಕೆ ನಡಿಗೆ, ಆಟ, ಬಲದ ವ್ಯಾಯಾಮ ಸೇರಿ ಹೆಚ್ಚಿನ ದಿನ 60 ನಿಮಿಷ ಆಗಬೇಕು. ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ಒಂದು ಸ್ಟಾಪ್ ಮೊದಲೇ ಬಸ್ಸು ಇಳಿದು ನಡೆದದ್ದೂ ಲೆಕ್ಕಕ್ಕೆ ಬರುತ್ತದೆ. ಭಾನುವಾರ ಬೇಕಲ ಕೋಟೆ ಸುತ್ತಿ ಬನ್ನಿ, ಕಣ್ವತೀರ್ಥದ ಕಡಲತೀರದ ಮರಳಿನಲ್ಲಿ ನೀರಂಚಿನ ಗಟ್ಟಿ ನೆಲದಲ್ಲಿ ನಡೆಯಿರಿ. ಮೂರು ತಿಂಗಳು ಆದ ಮೇಲೆ ಪೊಸಡಿಗುಂಪೆ ಗುಡ್ಡೆ ಹತ್ತಿಸಿ.

ಹೆಣ್ಣುಮಕ್ಕಳಿಗೆ

ನಮ್ಮಲ್ಲಿ ಹುಡುಗಿಯರು 7ನೇ ಕ್ಲಾಸು ದಾಟಿದರೆ ಆಟ ನಿಲ್ಲುತ್ತದೆ. ದಪ್ಪಗಿರುವ ಹುಡುಗಿಗೆ ದಾರಿಯಲ್ಲಿ ಕೇಳಬೇಕಾಗುವ ಮಾತು ಇನ್ನೂ ಜಾಸ್ತಿ. ಅಕ್ಕಪಕ್ಕದ ಮೂರು ನಾಲ್ಕು ಹುಡುಗಿಯರು, ಒಬ್ಬ ಅಮ್ಮನೋ ಚಿಕ್ಕಮ್ಮನೋ ಸೇರಿ ಸಂಜೆ ಐದರ ನಂತರ ನಡೆಯಲಿ. ಗುಂಪಿದ್ದರೆ ಬಾಯಿ ಮಾಡುವವರು ಕಡಿಮೆ. ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಕೊಡಿಸಿ. ಅದಿಲ್ಲದೆ ಓಡಲು, ಹಾರಲು ನೋವು, ನಾಚಿಕೆ ಎರಡೂ. ಅಮ್ಮಂದಿರೇ, ಇದನ್ನು ಅವಳು ಕೇಳುವುದಿಲ್ಲ, ನೀವೇ ತಂದುಕೊಡಬೇಕು.

ಮುಟ್ಟಿನ ದಿನ ವ್ಯಾಯಾಮ ಮಾಡಬಾರದು ಎಂಬುದೇನಿಲ್ಲ. ಮೈ ಒಪ್ಪಿದರೆ ಮಾಡಲಿ, ಹೊಟ್ಟೆನೋವು ಜಾಸ್ತಿ ಇದ್ದರೆ ಬಿಡಲಿ. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ, ಮುಖದ ಮೇಲೆ ಕೂದಲು, ಮೊಡವೆ ಜಾಸ್ತಿಯಾದರೆ ಪಿಸಿಓಎಸ್ (ಹಾರ್ಮೋನು ಏರುಪೇರಿನ ಒಂದು ತೊಂದರೆ) ಇರಬಹುದು, ಡಾಕ್ಟರರಿಗೆ ತೋರಿಸಿ. ಅದಕ್ಕೂ ವ್ಯಾಯಾಮ ಚಿಕಿತ್ಸೆಯ ಭಾಗವೇ.

ಮಳೆ, ಸೆಕೆ, ನೀರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹೊರಗೆ ನಡೆಯುವ ದಿನಗಳು ಕಡಿಮೆ. ಶಾಲೆ ತೆರೆಯುವುದೂ ಆಗಲೇ. ಅದಕ್ಕೆ ಮಳೆಗಾಲದ ಪಟ್ಟಿ ಬೇರೆ ಇರಲಿ: ಚಾವಡಿಯಲ್ಲಿ ಬಲದ ವ್ಯಾಯಾಮ, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಹಾಡು ಹಾಕಿ ಕುಣಿಯುವುದು, ನಿಧಾನದ ಸೂರ್ಯ ನಮಸ್ಕಾರ. ಹೊಟ್ಟೆ ಅಡ್ಡ ಬಂದು ಬಗ್ಗಲು ಆಗದಿದ್ದರೆ ಕುರ್ಚಿಗೆ ಕೈ ಕೊಟ್ಟು ಮಾಡಲಿ. ಮಳೆ ಬಿಟ್ಟ ಅರ್ಧ ಗಂಟೆ ಸಿಕ್ಕಿದರೆ ಹೊರಗೆ ಓಡಿ.

ಮಾರ್ಚ್‌ನಿಂದ ಮೇ ಇನ್ನೂ ಕಷ್ಟ. ಕರಾವಳಿಯ ಸೆಕೆಯಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ದಪ್ಪಗಿರುವವರಿಗೆ ಬೇಗ ಬಿಸಿ ಏರುತ್ತದೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ನಂತರ ಮಾಡಿಸಿ. ಮೊದಲೂ ನಡುವೆಯೂ ನೀರು ಕುಡಿಯಲಿ. ತಲೆನೋವು, ವಾಂತಿ ಬಂದ ಹಾಗೆ, ತಲೆ ತಿರುಗುವುದು ಕಂಡರೆ ನೆರಳಿಗೆ ಕರೆದುಕೊಂಡು ಹೋಗಿ ಮೈ ಒದ್ದೆ ಮಾಡಿ. ಮಾತು ತೊದಲಿದರೆ, ಗೊಂದಲ ಕಂಡರೆ ಕೂಡಲೇ ಆಸ್ಪತ್ರೆ.

ಈಜು ಈ ಮಕ್ಕಳಿಗೆ ಹೇಳಿ ಮಾಡಿಸಿದ ವ್ಯಾಯಾಮ. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಮೊಣಕಾಲು ನೋವಿರುವವರೂ ನೀರಿನಲ್ಲಿ ನಡೆಯಬಹುದು. ಆದರೆ ಜಾಗ ಮುಖ್ಯ. ಮುರಕಲ್ಲಿನ ಹಳೆ ಕೋರೆಗೆ ಯಾವತ್ತೂ ಬೇಡ. ಅಂಚು ಕಡಿದಾಗಿರುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಮಳೆಗಾಲದ ಹೊಳೆಗೂ ಬೇಡ. ನಿಂತ ಕೊಳಕು ನೀರಿನಿಂದ ಮೂಗಿನ ಮೂಲಕ ಮಿದುಳಿಗೆ ಸೇರುವ ಅಮೀಬಾ ಜ್ವರ ಕೇರಳದಲ್ಲಿ ಜೀವ ತೆಗೆದಿದೆ. ಕ್ಲೋರಿನ್ ಹಾಕಿದ ಈಜುಕೊಳ ಸಿಕ್ಕಿದರೆ, ಕಲಿಸುವವರು ಪಕ್ಕದಲ್ಲಿದ್ದರೆ ಮಾತ್ರ ಇಳಿಸಿ.

ಊಟದ ಬಗ್ಗೆ ಸ್ವಲ್ಪ

ಪಥ್ಯ ಹಾಕಬೇಡಿ. ಬೆಳೆಯುವ ಮಕ್ಕಳನ್ನು ಹಸಿವಿನಲ್ಲಿಟ್ಟು ವ್ಯಾಯಾಮ ಮಾಡಿಸಿದರೆ ತಲೆ ತಿರುಗುತ್ತದೆ. ಆಮೇಲೆ ಬೇಕರಿಗೆ ಓಡುತ್ತಾರೆ. ಒಂದೇ ಒಂದು ಬದಲಾವಣೆ ಮಾಡುವುದಾದರೆ ಕುಡಿಯುವ ಸಕ್ಕರೆ ನಿಲ್ಲಿಸಿ. 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಆರು ಟೀ ಚಮಚ ಇರುತ್ತದೆ. ಅರ್ಧ ಗಂಟೆ ನಡೆದು ಕರಗಿಸಿದ್ದು ಅಷ್ಟರಲ್ಲೇ ವಾಪಸ್ಸು ಬರುತ್ತದೆ. ಬಾಟಲಿ ಜ್ಯೂಸ್, ಸರ್ಬತ್ತು ಕೂಡ ಅದೇ ಲೆಕ್ಕ. ಮಜ್ಜಿಗೆ, ನೀರು ಕೊಡಿ. ನಿಯಮ ಇಡೀ ಮನೆಗೆ ಒಂದೇ ಇರಲಿ. ಬೆಳಿಗ್ಗೆ ಗಂಜಿ, ಹೆಸರುಕಾಳು ಪಲ್ಯ, ಮೀನು ತಿನ್ನುವವರ ಮನೆಯಾದರೆ ಹುರಿಯದ ಬಂಗುಡೆ, ಇದೆಲ್ಲ ಒಳ್ಳೆಯ ಊಟವೇ. ಪ್ರೋಟೀನ್ ಪುಡಿ, ಕೊಬ್ಬು ಕರಗಿಸುವ ಮಾತ್ರೆ ಮನೆಯೊಳಗೇ ಬರಬಾರದು.

13ರಿಂದ 18 ವರ್ಷದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಹಸಿವು ಜಾಸ್ತಿ, ನಡೆಯಲು ಮನಸ್ಸು ಕಡಿಮೆ. ಫೋನುಗಳೆಲ್ಲ, ನಿಮ್ಮದೂ ಸೇರಿ, ರಾತ್ರಿ ಚಾವಡಿಯಲ್ಲೇ ಇರಲಿ.

ಅಳೆಯುವುದು ಹೇಗೆ

ಒಂದು ಪುಸ್ತಕ ಕೊಡಿ, ಮಗುವೇ ಬರೆಯಲಿ. ಎಷ್ಟು ನಿಮಿಷ ನಡೆದೆ, ಜಗಲಿಯಿಂದ ಎಷ್ಟು ಸಲ ಎದ್ದೆ, ಗುಡ್ಡೆಯಲ್ಲಿ ಎಷ್ಟು ಸಲ ನಿಂತೆ. ಮೂರು ತಿಂಗಳಿಗೆ ಒಮ್ಮೆ, ಅವನು ಒಪ್ಪಿದರೆ ಮಾತ್ರ, ನೂಲಿನ ಪರೀಕ್ಷೆ ಮಾಡಬಹುದು. ಅವನ ಎತ್ತರದಷ್ಟು ನೂಲು ತೆಗೆದು ಅರ್ಧಕ್ಕೆ ಮಡಚಿ. ಆ ಅರ್ಧ ಹೊಟ್ಟೆಯ ಸುತ್ತ ಮುಟ್ಟಬೇಕು. ಮುಟ್ಟದಿದ್ದರೆ ಎಷ್ಟು ಬೆರಳು ಕಡಿಮೆ ಎಂದು ಗುರುತು ಹಾಕಿ. ಕೋಣೆಯ ಬಾಗಿಲು ಹಾಕಿ, ಅವನೊಬ್ಬನ ಎದುರು ಮಾಡಿ. ಬಹುಮಾನ ಕೊಡುವುದಾದರೆ ತಿಂಡಿ ಬೇಡ. ಹೊಸ ಶಟ್ಲ್ ಬ್ಯಾಟು, ಚೆಂಡು ಕೊಡಿ.

ನನ್ನ ಅಳಿಯ ಐದು ಸಲ ನಿಲ್ಲುತ್ತಿದ್ದವನು ಆರನೇ ವಾರಕ್ಕೆ ಮೂರಕ್ಕೆ ಬಂದ. ಓಣಂ ರಜೆ ಮುಗಿದು ಶಾಲೆ ಶುರುವಾದ ದಿನ ಮೆಟ್ಟಿಲ ತುದಿಯಿಂದ ಕೂಗಿದ, "ಮಾವಾ, ಇವತ್ತು ಒಂದೇ ಸಲ ನಿಂತದ್ದು!" ಎಲ್ಲರ ಎದುರು ಕೂಗಿದ್ದು. ನನ್ನ ಕಣ್ಣು ತುಂಬಿ ಬಂತು.

ನಡುವೆ ನಿಂತುಹೋದರೆ

ನಿಂತೇ ನಿಲ್ಲುತ್ತದೆ. ಪರೀಕ್ಷೆ, ಜ್ವರ, ಮದುವೆ, ಟ್ಯೂಷನ್. ಅಳಿಯನದ್ದು ಎಸ್ಸೆಸ್ಸೆಲ್ಸಿ ವರ್ಷ ಎರಡು ತಿಂಗಳು ಪೂರ್ತಿ ನಿಂತಿತ್ತು. "ಮಾಡಿದ್ದೆಲ್ಲ ಹಾಳಾಯಿತು" ಎಂದು ಅವನ ಎದುರು ಯಾರೂ ಹೇಳದಂತೆ ನೋಡಿಕೊಳ್ಳಿ. ಪರೀಕ್ಷೆಯ ದಿನಗಳಲ್ಲೂ ಓದಿನ ನಡುವೆ 10 ನಿಮಿಷ ಅಂಗಳದಲ್ಲಿ ಸುತ್ತಿದರೆ ಅಭ್ಯಾಸ ಪೂರ್ತಿ ತಪ್ಪುವುದಿಲ್ಲ. ಒಂದು ವಾರ ತಪ್ಪಿದ್ದರೆ ಎಲ್ಲಿ ಬಿಟ್ಟನೋ ಅಲ್ಲಿಂದಲೇ ಮುಂದುವರಿಸಲಿ. ಮೂರು ವಾರಕ್ಕಿಂತ ಜಾಸ್ತಿ ಆಗಿದ್ದರೆ ಅರ್ಧದಿಂದ ಶುರು ಮಾಡಿ: 30 ನಿಮಿಷ ನಡೆಯುತ್ತಿದ್ದರೆ 15, ತುಂಬಿದ ಬಕೆಟ್ ಹೊರುತ್ತಿದ್ದರೆ ಅರ್ಧ ಬಕೆಟ್. ಜ್ವರ ಬಂದು ಹೋಗಿದ್ದರೆ ಊಟ ಮೊದಲಿನ ಹಾಗೆ ಸೇರಿದ ಮೇಲೆ ಎರಡು ದಿನ ಬಿಟ್ಟು ಶುರು ಮಾಡಿ. ಮೊದಲ ದಿನ ನೀವೇ ಶೂ ಹಾಕಿ ಅಂಗಳದಲ್ಲಿ ನಿಂತು ಕರೆಯಿರಿ.